ಧಾರವಾಡದ ಹಾದಿ

ನಮ್ಮ ಕಡೆಯ ಚೇಷ್ಟೆಯ ಮಾತುಗಳಲ್ಲಿ "ಇವನನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ" ಎಂಬುದೂ ಒಂದು. ಗದಗ-ಬೆಟಗೇರಿಯವರಿಗಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳವರಿಗಾಗಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಧಾರವಾಡವೆಂದರೆ ಫೇಡೆಯ ಊರು, ಕವಿಗಳ ಊರು, ಶ್ರಾವಣದ ಮಳೆಯ ಊರು ಎಂದು ಪರಸ್ಥಳದವರು ಹೊಗಳಿಯಾರು. ಆದರೆ ಅಗಸಿಯ ಕಟ್ಟೆಯ ಮೇಲೆ ಕುಳಿತ ನಮ್ಮ ಹಿರಿಯರು ಈ ಮಾತನ್ನಾಡಿದಾಗ ಅವರ ಕಣ್ಣ ಮುಂದೆ ಇರುವುದು ಫೇಡೆಯೂ ಅಲ್ಲ, ಕವಿತೆಯೂ ಅಲ್ಲ. ಎತ್ತರದ ಗೋಡೆಯ ಒಂದು ದವಾಖಾನೆ. ಹುಡುಗ ಒಬ್ಬನೇ ನಕ್ಕರೂ ಧಾರವಾಡ, ಸೊಸೆ ಒಬ್ಬಳೇ ಅತ್ತರೂ ಧಾರವಾಡ. ಮಾತು ಅಗ್ಗವಾದುದರಿಂದ ಎಲ್ಲರೂ ಆಡುತ್ತಾರೆ. ಅದರ ಬೆಲೆಯನ್ನು ಯಾರು ತೆರುತ್ತಾರೆಂಬುದು ತಿಳಿಯುವುದು ನಿಜವಾಗಿ ಆ ಹಾದಿಯನ್ನು ಹಿಡಿಯಬೇಕಾದಾಗ.

ಮೈಯ ಬೇನೆಯ ರೀತಿಯೇ ಬೇರೆ. ಓಣಿಯಲ್ಲಿ ಒಂದು ಕೂಸಿಗೆ ಜ್ವರ ಬಂದಿತೆನ್ನಿ, ಓಣಿಗೆ ಓಣಿಯೇ ವೈದ್ಯನಾಗಿ ನಿಲ್ಲುತ್ತದೆ. ಒಬ್ಬಾಕೆ ಕಷಾಯ ಕುದಿಸುತ್ತಾಳೆ, ಇನ್ನೊಬ್ಬಾಕೆ ಗಂಜಿ ತರುತ್ತಾಳೆ, ಮೂರನೆಯವನು ಫಟಫಟಿಯ ಮೇಲೆ ಕೂಡ್ರಿಸಿಕೊಂಡು ಡಾಕ್ಟರರಲ್ಲಿಗೆ ಒಯ್ಯುತ್ತಾನೆ. ಅದೇ ಮನೆಯಲ್ಲಿ ಹದಿನೈದರ ಹುಡುಗ ಉಣಲೊಲ್ಲೆ, ಮಲಗಲೊಲ್ಲೆ, ಯಾರ ಮೋರೆಯನ್ನೂ ನೋಡಲೊಲ್ಲೆ ಎಂದು ಗೋಡೆಯ ಕಡೆ ಹೊರಳಿದರೆ ಮೊದಲು ಮುಚ್ಚುವುದು ತಲೆಬಾಗಿಲು. "ವಯಸ್ಸಿನ ಚಾಳಿ" ಎನ್ನುತ್ತಾನೆ ಅಪ್ಪ. "ದೃಷ್ಟಿಯಾಗೈತಿ" ಎನ್ನುತ್ತಾಳೆ ಅಜ್ಜಿ. ತಾಯಿ ಮಾತ್ರ ಏನನ್ನೂ ಅನ್ನದೆ ಹುಡುಗನನ್ನೇ ನೋಡುತ್ತಿರುತ್ತಾಳೆ.

ಇದು ಎಲ್ಲಿಯೋ ಒಂದು ಮನೆಯ ಮಾತಲ್ಲ. ೨೦೧೫-೧೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ೧೩ರಿಂದ ೧೭ ವರ್ಷದ ಮಕ್ಕಳ ಪೈಕಿ ನೂರಕ್ಕೆ ೭.೩ರಷ್ಟು ಮಂದಿಗೆ ಒಂದಿಲ್ಲೊಂದು ಮನೋವ್ಯಾಧಿ ಕಂಡುಬಂದಿತು. ಮೂವತ್ತು ವರುಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಈ ಅಂಕಿಯನ್ನು ವರ್ಗಕ್ಕೆ ಇಳಿಸಿ ನೋಡದೆ ಸಮಾಧಾನವಿಲ್ಲ. ಅರವತ್ತು ಮಕ್ಕಳ ವರ್ಗವೆಂದರೆ ನಾಲ್ವರು, ಎರಡು ಬೆಂಚಿಗಾಗುವಷ್ಟು. ಮಾನಸಿಕ ಬೇನೆಗಳಲ್ಲಿ ಅರ್ಧದಷ್ಟು ೧೪ನೆಯ ವಯಸ್ಸಿನೊಳಗೇ ತಲೆದೋರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅಂದರೆ ಈ ಬೇನೆ ಹುಡುಕಿಕೊಂಡು ಬರುವುದು ಮುದುಕರನ್ನಲ್ಲ, ಪಾಟೀಚೀಲ ಹೊತ್ತವರನ್ನು.

ನಿವೃತ್ತನಾದ ಮೇಲೆ ನಾನು ಬೆಟಗೇರಿಯಲ್ಲಿ, ನೇಕಾರರ ಓಣಿಯಲ್ಲಿ ಇದ್ದೇನೆ. ನಮ್ಮ ಎದುರುಮನೆಯವರದು ಮಗ್ಗದ ಒಕ್ಕಲು. ಬೆಳಗಿನ ಜಾವದಿಂದ ಲಾಳಿಯ ಸಪ್ಪಳ. ಅದು ನಿಂತರೇ ನಮಗೆ ಎಚ್ಚರವಾಗುವಷ್ಟು ರೂಢಿ. ಅವರ ಮಗ ಹತ್ತನೆಯ ಇಯತ್ತೆಯವ, ಮಾತಿನ ಮಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗುಣಗಳು ಕಡಿಮೆ ಬಿದ್ದುವಂತೆ. ದೀಪಾವಳಿಯ ತರುವಾಯ ಮಾತು ಕಡಿಮೆಯಾಯಿತು, ಆ ಮೇಲೆ ಊಟ, ಆ ಮೇಲೆ ನಿದ್ದೆ. ಸಂಕ್ರಾಂತಿಯ ಹಿಂಚುಮುಂಚು ಒಂದು ರಾತ್ರಿ ಒಂಬತ್ತೂವರೆಗೆ ಅವನ ತಾಯಿ ನಮ್ಮ ಬಾಗಿಲಿಗೆ ಬಂದಳು.

"ಮಾಸ್ತರ, ಒಂದೀಟ ಬರ್ರಿ. ಹುಡುಗ ತನ್ನ ಕಂಪಾಸ ಪೆಟ್ಟಿಗಿ, ಬ್ಯಾಟು ಎಲ್ಲಾ ತಂಗಿಗೆ ಕೊಟ್ಟುಬಿಟ್ಟಾನ. 'ನನಗ ಇನ್ನ ಬೇಕಾಗಂಗಿಲ್ಲ' ಅಂತಾನ."

ಕೊನೆಯ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಸೇವೆಯ ಕೊನೆಯ ವರ್ಷಗಳಲ್ಲಿ ನಮ್ಮನ್ನು ಒಂದು ದಿನದ ತರಬೇತಿಗೆ ಕಳಿಸಿದ್ದರು. ಊಟದ ಮೇಲಿನ ಹೊತ್ತು, ಅರ್ಧ ಮಂದಿ ತೂಕಡಿಸುತ್ತಿದ್ದರು. ಆದರೆ ಅಲ್ಲಿಗೆ ಬಂದ ಡಾಕ್ಟರರು ಹೇಳಿದ ಎರಡು ಮಾತು ನನ್ನ ಮನಸ್ಸಿನಲ್ಲಿ ಉಳಿದಿದ್ದುವು. ಮಕ್ಕಳು ತಮಗೆ ಪ್ರೀತಿಯ ವಸ್ತುಗಳನ್ನು ಸುಮ್ಮಸುಮ್ಮನೆ ಹಂಚತೊಡಗಿದರೆ ಅದನ್ನು ಔದಾರ್ಯವೆಂದು ತಿಳಿಯಬೇಡಿರಿ ಎಂಬುದು ಒಂದು. ಸಾಯುವ ವಿಚಾರವಿದೆಯೇ ಎಂದು ಅಂಥವರನ್ನು ನೇರವಾಗಿಯೇ ಕೇಳಿರಿ, ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಗುವುದಿಲ್ಲ, ಇದ್ದ ಭಾರ ಇಳಿಯುತ್ತದೆ ಎಂಬುದು ಎರಡನೆಯದು.

ಹೇಳುವುದು ಸುಲಭ, ಕೇಳುವುದು ಸುಲಭವಲ್ಲ. ನಮ್ಮ ಭಾಷೆಯಲ್ಲಿ ಸಾವಿನ ಸುತ್ತ ಎಷ್ಟು ಬೇಲಿಗಳಿವೆ! ದೀಪ ಆರಿತೆನ್ನುವುದಿಲ್ಲ, ದೊಡ್ಡದಾಯಿತೆನ್ನುತ್ತೇವೆ. ಅಂಥ ಭಾಷೆಯವರು ಒಂದು ಮಗುವಿನ ಮುಂದೆ ಕುಳಿತು ಆ ಶಬ್ದವನ್ನೇ ಆಡಬೇಕು. ಹುಡುಗ ಒಳಗಿನ ಕೋಣೆಯಲ್ಲಿ ಹಾಸಿಗೆಯ ಸುರುಳಿಗೆ ಒರಗಿ ಕುಳಿತಿದ್ದ. ನಾನು ಹತ್ತಿರ ಕುಳಿತು ಅವನ ಮೊಳಕಾಲ ಮೇಲೆ ಕೈಯಿಟ್ಟೆ.

"ತಮ್ಮಾ, ಜೀವ ಬ್ಯಾಸತ್ತೈತೇನು? ಸಾಯಬೇಕು ಅನಸಾಕತ್ತೈತೇನು?"

ಬಹಳ ಹೊತ್ತು ಸುಮ್ಮನಿದ್ದ. ಆ ಮೇಲೆ "ಹೂಂ ಸರ್" ಎಂದ. ಎಷ್ಟು ದಿನದಿಂದ ಎಂದು ಕೇಳಿದೆ. "ದೀಪಾವಳಿ ಆದ ಮ್ಯಾಲಿಂದ" ಎಂದವನೇ ನನ್ನ ತೋಳಿಗೆ ಹಣೆ ಹಚ್ಚಿ ಅತ್ತ. ಬಾಗಿಲಲ್ಲಿ ನಿಂತ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಒಳಗೆ ಬರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವನು ಹಾಗೇ ಕುಳಿತಿದ್ದ, ಲಾಳಿ ಕೈಯಲ್ಲಿಯೇ ಇತ್ತು.

ರಾತ್ರಿ ಹತ್ತು ಗಂಟೆ. ಇಂಥ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕು? ಈಗ ಕೆಲವು ವರ್ಷಗಳಿಂದ ಇದಕ್ಕೆ ಒಂದು ಉತ್ತರವಿದೆ. ೨೦೨೨ರ ಅಕ್ಟೋಬರ ೧೦ರಂದು ಟೆಲಿ-ಮಾನಸ್ ಎಂಬ ಸರಕಾರದ ದೂರವಾಣಿ ಸೇವೆ ಪ್ರಾರಂಭವಾಯಿತು, ನಂಬರು ೧೪೪೧೬. ದುಡ್ಡು ಬೇಡ, ಹಗಲು-ರಾತ್ರಿಯೆಂಬ ಭೇದವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ನಾನು ನಂಬರು ತಿರುಗಿಸಿದೆ. ಆ ಕಡೆಯಿಂದ ಬಂದುದು ಒಬ್ಬ ಹೆಣ್ಣುಮಗಳ ದನಿ, ಮೈಸೂರು ಕಡೆಯ ಕನ್ನಡ. ಊರು-ಕೇರಿಯ ವಿಚಾರಣೆಗೆ ಮೊದಲು ಆಕೆ ಕೇಳಿದ್ದು ಇದು: "ಹುಡುಗ ಈಗ ನಿಮ್ಮ ಹತ್ತಿರಾನೇ ಇದ್ದಾನಾ? ಒಬ್ಬನೇ ಇಲ್ಲ ತಾನೆ?" ಇದ್ದಾನೆಂದೆ. ಅಪಾಯದ ವಸ್ತು ಏನೇನು ಕೈಗೆ ಸಿಗುವಂತಿವೆ, ಅವನ್ನು ತೆಗೆದಿಟ್ಟಿರಾ, ಈ ರಾತ್ರಿ ಯಾರು ಎಚ್ಚರಿರುತ್ತೀರಿ, ಬೆಳಿಗ್ಗೆ ಯಾವ ಆಸ್ಪತ್ರೆಗೆ ಹೋಗುತ್ತೀರಿ ಎಂದು ಒಂದೊಂದಾಗಿ ಕೇಳಿ, "ಅವನಿಗೆ ಇಷ್ಟ ಇದ್ದರೆ ಫೋನು ಕೊಡಿ" ಎಂದಳು. ಹುಡುಗ ಅಂಗಳಕ್ಕೆ ಹೋಗಿ ಇಪ್ಪತ್ತೈದು ನಿಮಿಷ ಮಾತಾಡಿದ. ನಾವು ಕಾಣುವಷ್ಟು ದೂರದಲ್ಲಿ, ಕೇಳದಷ್ಟು ದೂರದಲ್ಲಿ ನಿಂತಿದ್ದೆವು. ಏನು ಮಾತಾಡಿದನೆಂಬುದನ್ನು ಇಂದಿನ ವರೆಗೂ ಕೇಳಿಲ್ಲ. ಒಳಗೆ ಬಂದವನು "ಹಸಿವಾಗೈತಿ" ಎಂದ. ಅವನ ತಾಯಿ ಆ ಹೊತ್ತಿನಲ್ಲಿ ಒಲೆ ಹೊತ್ತಿಸಿ ರೊಟ್ಟಿ ಬಡಿದಳು.

ಫೋನಿನಲ್ಲಿ ಕೇಳುವ ಅಪರಿಚಿತ ದನಿ ಒಂದು ಜೀವವನ್ನು ತಡೆದು ನಿಲ್ಲಿಸೀತೇ ಎಂದು ನೀವು ಸಂಶಯಪಡಬಹುದು. ಈ ಪದ್ಧತಿಗೆ ಒಂದು ದೊಡ್ಡ ಮೊದಲು ಮಾಡಿದವನು ಚಾಡ್ ವರಾ ಎಂಬ ಇಂಗ್ಲಿಷ್ ಪಾದ್ರಿ. ೧೯೩೫ರಲ್ಲಿ, ತಾನಿನ್ನೂ ತರುಣನಿದ್ದಾಗ, ಲಿಂಕನ್ ಎಂಬ ಊರಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ಅಂತ್ಯಕ್ರಿಯೆಯನ್ನು ಅವನು ನಡೆಸಬೇಕಾಯಿತು. ಆಕೆ ಮೈನೆರೆದಿದ್ದಳು, ಅಷ್ಟೆ. ಅದು ಏನೆಂದು ಹೇಳುವವರಿಲ್ಲದೆ, ತನಗೆ ಕೆಟ್ಟ ರೋಗ ತಗುಲಿದೆಯೆಂದು ತಿಳಿದು ಜೀವ ಕಳೆದುಕೊಂಡಿದ್ದಳು. ಕೇಳಲು ಒಬ್ಬರಿದ್ದರೆ ಸಾಕಿತ್ತು. ಆ ಸಂಕಟವನ್ನು ಹದಿನೆಂಟು ವರ್ಷ ಹೊತ್ತು ತಿರುಗಿದ ಮೇಲೆ ೧೯೫೩ರ ನವೆಂಬರಿನಲ್ಲಿ ಆತ ಲಂಡನ್ನಿನ ತನ್ನ ಇಗರ್ಜಿಯಲ್ಲಿ ಒಂದು ಟೆಲಿಫೋನು ಇಟ್ಟುಕೊಂಡು ಕುಳಿತ. ಅದೇ ಮುಂದೆ ಸಮಾರಿಟನ್ಸ್ ಎಂಬ ಸಂಸ್ಥೆಯಾಯಿತು. ಅಂದಿನ ಲಿಂಕನ್ನಿನ ಮನೆಗೂ ಇಂದಿನ ನಮ್ಮ ಮನೆಗಳಿಗೂ ಬಹಳ ಅಂತರವಿದೆಯೆಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಮರುದಿನ ಮುಂಜಾನೆ ನಿಜವಾದ ಕದನ ನಡೆದುದು ಅಪ್ಪನೊಡನೆ. ರಾತ್ರಿಯೆಲ್ಲ ಕಣ್ಣು ಮುಚ್ಚದ ಮನುಷ್ಯ, ದವಾಖಾನೆಯ ಮಾತೆತ್ತಿದೊಡನೆ ಸಿಡಿದೆದ್ದ.

"ಧಾರವಾಡಕ್ಕ ಮಾತ್ರ ಒಯ್ಯಂಗಿಲ್ಲರಿ ಮಾಸ್ತರ. ಮಂದಿ ಏನಂದಾರು? ನಾಳೆ ಅವನ ತಂಗಿ ಲಗ್ನಕ್ಕ ಯಾರ ಬರ್ತಾರ?"

ನೋಡಿರಿ, ಕಟ್ಟೆಯ ಮೇಲಿನ ಆ ಅಗ್ಗದ ಮಾತು ಎಲ್ಲಿಗೆ ಬಂದು ಮುಟ್ಟಿತು! ಇವನಿಗೆ ಮಗನ ಮೇಲೆ ಪ್ರೀತಿ ಕಡಿಮೆಯೆಂದಲ್ಲ. ಅದೇ ಮಾತನ್ನು ನೂರು ಸಲ ಕೇಳಿ, ತಾನೂ ಐವತ್ತು ಸಲ ಆಡಿ ನಕ್ಕಿದ್ದ. ಈಗ ಅದು ತಿರುಗಿ ನಿಂತು ಅವನ ಮನೆಯ ಹೊಸ್ತಿಲನ್ನು ಕಟ್ಟಿತ್ತು. ಧಾರವಾಡ ಬೇಡ, ಇಲ್ಲಿಯೇ ಗದುಗಿನ ಸರಕಾರಿ ದವಾಖಾನೆಗೆ ಹೋಗೋಣ, ಅಲ್ಲಿ ಕಾಲುಮುರಿದವರೂ ಬರುತ್ತಾರೆ, ಕೆಮ್ಮಿನವರೂ ಬರುತ್ತಾರೆ, ಯಾತಕ್ಕೆ ಹೋದಿರೆಂದು ಕೇಳುವವರಾರು ಎಂದು ನಾನೆಂದೆ. ಅಷ್ಟಕ್ಕೆ ಒಪ್ಪಿದ. ಗದುಗಿಗೆ ವೈದ್ಯಕೀಯ ಕಾಲೇಜು ಬಂದ ಮೇಲೆ ಈ ಒಂದು ಅನುಕೂಲವಾಗಿದೆ. ಮನೋವೈದ್ಯರನ್ನು ಕಾಣಲು ಊರು ಬಿಡಲೇಬೇಕೆಂಬುದು ತಪ್ಪಿದೆ. ಡಾಕ್ಟರರು ಹುಡುಗನನ್ನು ಒಬ್ಬನನ್ನೇ ಕೂಡ್ರಿಸಿಕೊಂಡು ಮಾತಾಡಿದರು, ಆ ಮೇಲೆ ತಂದೆತಾಯಿಗಳನ್ನು. ಇದು ಸೋಮಾರಿತನವಲ್ಲ, ಖಿನ್ನತೆಯೆಂಬ ಬೇನೆ, ಗುಣವಾಗುತ್ತದೆ ಎಂದರು. ಗುಣವಾಗುತ್ತದೆ ಎಂಬ ಮಾತನ್ನು ಅಪ್ಪ ಎರಡು ಸಲ ಹೇಳಿಸಿಕೊಂಡ.

ತಿಂಗಳ ತರುವಾಯ ಒಂದು ಸಲ ಧಾರವಾಡಕ್ಕೂ ತೋರಿಸಿಕೊಂಡು ಬರಲು ಹೇಳಿದರು. ಈ ಸಲ ಅಪ್ಪ ಬಾಯಿ ಬಿಡಲಿಲ್ಲ. ಹುಬ್ಬಳ್ಳಿ ದಾಟಿ ಬಸ್ಸು ಧಾರವಾಡ ಸೇರುವ ವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದ. ಆ ದವಾಖಾನೆಯ ಇತಿಹಾಸ ದೊಡ್ಡದು. ೧೮೪೫ರಲ್ಲಿ ಬ್ರಿಟಿಷರು ಹುಚ್ಚರ ಆಸ್ಪತ್ರೆಯೆಂದು ತೆರೆದುದು. ಅಂದಿನ ಪದ್ಧತಿಯಲ್ಲಿ ಅದು ಮದ್ದಿಗಿಂತ ಗೋಡೆಯನ್ನೇ ಹೆಚ್ಚು ನೆಚ್ಚಿದ ಸಂಸ್ಥೆ. ನಮ್ಮ ಹಿರಿಯರ ಅಂಜಿಕೆ ಸುಳ್ಳಿನಿಂದ ಹುಟ್ಟಿದ್ದಲ್ಲ. ಆದರೆ ೨೦೦೯ರಲ್ಲಿ ಅದು ಧಾರವಾಡ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನಗಳ ಸಂಸ್ಥೆಯಾಯಿತು. ಡಿಮ್ಹಾನ್ಸ್ ಎಂದು ಕರೆಯುತ್ತಾರೆ. ಸಂಸ್ಥೆ ಹೆಸರು ಬದಲಿಸಿತು, ರೀತಿ ಬದಲಿಸಿತು; ನಮ್ಮ ಗಾದೆ ಮಾತ್ರ ೧೮೪೫ರಲ್ಲಿಯೇ ನಿಂತಿದೆ. ಅಲ್ಲಿ ಚೀಟಿಯ ಸಾಲಿನಲ್ಲಿ ಬೆಳಗಾವಿ ಕಡೆಯವರು, ಹಾವೇರಿಯವರು, ಪಟಕಾ ಸುತ್ತಿದ ಒಕ್ಕಲಿಗರು, ಇಸ್ತ್ರಿಯ ಅಂಗಿಯ ಗುಮಾಸ್ತರು, ಬುತ್ತಿಗಂಟು ಹಿಡಿದ ತಾಯಂದಿರು ನಿಂತಿದ್ದರು. ಅಪ್ಪ ಅತ್ತಿತ್ತ ನೋಡಿ ಮೆಲ್ಲನೆ ನನಗೆ ಹೇಳಿದ: "ಎಲ್ಲಾ ನಮ್ಮಂಥವರ ಅದಾರಲ್ಲರಿ!"

ಕಾಯದೆಯ ಮಾತನ್ನೂ ಎರಡು ಸಾಲಿನಲ್ಲಿ ಹೇಳಬೇಕು, ಏಕೆಂದರೆ ಹಳೆಯ ಅಂಜಿಕೆಗಳು ಬಹಳ ಮಟ್ಟಿಗೆ ಹಳೆಯ ಕಾಯದೆಯವು. ಜೀವ ಕಳೆದುಕೊಳ್ಳಲು ಯತ್ನಿಸಿದರೆ ಪೋಲೀಸರು ಬಂದಾರೆಂದು ಮುಚ್ಚಿಡುವ ಮನೆಗಳು ಇಂದಿಗೂ ಉಂಟು. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯದೆ ಅಂಥವರು ತೀವ್ರ ಮನಃಪೀಡೆಯಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷಿಸಬಾರದು, ಸರಕಾರ ಅವರನ್ನು ಉಪಚರಿಸಬೇಕು ಎನ್ನುತ್ತದೆ. ಸರಪಳಿ ಹಾಕಕೂಡದು. ಮಕ್ಕಳನ್ನು ದೊಡ್ಡವರೊಡನೆ ಒಂದೇ ವಾರ್ಡಿನಲ್ಲಿ ಇಡಕೂಡದು. ಜತೆಗೆ ಮನೆಯವರೊಬ್ಬರು ಇರಬೇಕು. ಇನ್ನೊಂದು ಮುಖ್ಯ ಮಾತೆಂದರೆ, ಜೀವಕ್ಕೆ ಅಪಾಯವಿದ್ದ ಹೊತ್ತಿನಲ್ಲಿ ನೋಂದಾಯಿತ ವೈದ್ಯರು ಯಾರೇ ಆಗಲಿ, ಮನೋವೈದ್ಯರೇ ಆಗಬೇಕೆಂದಿಲ್ಲ, ೭೨ ತಾಸುಗಳ ವರೆಗೆ ತುರ್ತು ಉಪಚಾರ ಮಾಡಬಹುದು. ಇದನ್ನು ಶಿರಹಟ್ಟಿ, ಮುಂಡರಗಿಗಳವರು ಗಂಟು ಕಟ್ಟಿ ಇಟ್ಟುಕೊಳ್ಳಬೇಕು. ತುಂಗಭದ್ರೆಯ ದಂಡೆಯ ಹಳ್ಳಿಯಿಂದ ಧಾರವಾಡವೆಂದರೆ ನೂರು ಕಿಲೋಮೀಟರಿಗೆ ಮೀರಿದ ಹಾದಿ. ನಡುರಾತ್ರಿ ಅಷ್ಟು ದೂರ ಓಡಬೇಕಾಗಿಲ್ಲ. ಮಗುವನ್ನು ಹತ್ತಿರದ ಸರಕಾರಿ ಆಸ್ಪತ್ರೆಗೆ ಮುಟ್ಟಿಸಿದರೆ ಮೊದಲ ಕೆಲಸವಾಯಿತು. ಗಾಡಿ ಬೇಕೆಂದರೆ ೧೦೮ ಇದೆ.

ಹಳ್ಳಿಯ ಸಾದಾ ಡಾಕ್ಟರರೇ ಮನಸ್ಸಿನ ಬೇನೆಗೂ ಮದ್ದು ಕೊಡಬಲ್ಲರೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ನೆರೆಯವರೇ. ೧೯೮೫ರಿಂದ ಕೆಲ ವರ್ಷ ನಿಮ್ಹಾನ್ಸಿನವರು ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯಲ್ಲಿ ಆರೋಗ್ಯ ಕೇಂದ್ರದ ಡಾಕ್ಟರರಿಗೂ ನರ್ಸುಗಳಿಗೂ ಕಲಿಸಿಕೊಟ್ಟು ಪ್ರಯೋಗ ನಡೆಸಿದರು. ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮುಂದೆ ನಮ್ಮ ರಾಜ್ಯದಲ್ಲಿ ಮನೋಚೈತನ್ಯವೆಂಬ ಹೆಸರಿನಿಂದ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಕೂಡ್ರುವ ಏರ್ಪಾಟೂ ಆಯಿತು. ಏರ್ಪಾಟು ಒಳ್ಳೆಯದೇ. ಆದರೆ ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಹದಿಮೂರರ ಮಗಳನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಒಂದು ತಾಲೂಕು ಊರಿಗೆ ಹೋದಾಗ (ಊರಿನ ಹೆಸರು ಬೇಡ) ಕುರ್ಚಿ ಇತ್ತು, ಡಾಕ್ಟರರು ಇರಲಿಲ್ಲ. "ಮುಂದಿನ ಮಂಗಳವಾರ ಬರ್ರಿ" ಎಂದರಂತೆ. ಮನಸ್ಸು ಮಂಗಳವಾರದ ತನಕ ಕಾಯುವ ವಸ್ತುವೇ? ಆಕೆ ಗಟ್ಟಿಗಿತ್ತಿ, ಅಲ್ಲಿಂದಲೇ ಗದುಗಿನ ಬಸ್ಸು ಹತ್ತಿದಳು. ಎಲ್ಲರೂ ಹತ್ತುವುದಿಲ್ಲ, ಊರಿಗೆ ಹಿಂದಿರುಗುತ್ತಾರೆ. ಯೋಜನೆ ಮಾಡುವವರು ಹಿಂದಿರುಗಿದವರನ್ನು ಎಣಿಸುವ ಒಂದು ವಹಿಯನ್ನೂ ಇಡಬೇಕು.

ಅಜ್ಜಿಯ ಸಂಗತಿಯನ್ನು ಮರೆಯುವಂತಿಲ್ಲ. ಆಕೆ ಮೊಮ್ಮಗನನ್ನು ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೂ ಒಯ್ಯಬೇಕೆಂದು ಹಟ ಹಿಡಿದಳು. ಸುಧಾರಕರು ಇಂಥಲ್ಲಿ ಹುಬ್ಬು ಗಂಟಿಕ್ಕುತ್ತಾರೆ. ನಮ್ಮ ಡಾಕ್ಟರರು ನಕ್ಕು, "ಹೋಗಿ ಬರ್ರಿ ಅಜ್ಜಿ, ಗುಳಿಗಿ ಮಾತ್ರ ತಪ್ಪಸಬ್ಯಾಡ್ರಿ" ಎಂದರು. ಹೋಗಿ ಬಂದರು. ಹುಡುಗನ ರಟ್ಟೆಗೆ ದಾರ, ಜೇಬಿನಲ್ಲಿ ಗುಳಿಗೆ. ಅಜ್ಜಿಯನ್ನು ಗೇಲಿ ಮಾಡಿದ್ದರೆ ಆಕೆ ಗುಳಿಗೆಯ ವೈರಿಯಾಗುತ್ತಿದ್ದಳು. ಈಗ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವವಳೇ ಆಕೆ.

ಒಕ್ಕಲುತನದ ಮನೆಗಳಿಗೆ ಒಂದು ಮಾತು. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಗಳನ್ನು ಮಲಗುವ ಮನೆಯ ಮೂಲೆಯಲ್ಲಿಡುವ ವಾಡಿಕೆ ನಮ್ಮ ಸೀಮೆಯಲ್ಲಿ ಇನ್ನೂ ಇದೆ. ಅವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿರಿ, ಕೀಲಿಕೈಯನ್ನು ದೊಡ್ಡವರೊಬ್ಬರೇ ಇಟ್ಟುಕೊಳ್ಳಿರಿ. ಸಿಂಹಳದಲ್ಲಿ ಸರಕಾರ ಅತಿ ಘೋರವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು; ೧೯೯೫ರ ತರುವಾಯದ ಹತ್ತು ವರ್ಷಗಳಲ್ಲಿ ಆ ದೇಶದ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಮಕ್ಕಳಲ್ಲಿ ಆ ಗಳಿಗೆ ಬಿರುಗಾಳಿಯಂತೆ ಬಂದು ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗಬಾರದು, ಕೈ ಹಿಡಿಯಲು ಒಬ್ಬರು ಸಿಗಬೇಕು.

ಹುಡುಗ ಪಾಸಾದನೇ ಎಂದು ನೀವು ಕೇಳಲು ಕಾಯುತ್ತಿದ್ದೀರಿ, ನನಗೆ ಗೊತ್ತು. ಓಣಿಯವರೂ ಅದನ್ನೇ ಕೇಳಿದರು. ಉಂಡನೇ, ಮಲಗಿದನೇ, ನಕ್ಕನೇ ಎಂದು ಕೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ೨೦೨೪ರಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಿತು. ಒಂದರಲ್ಲಿ ಬಿದ್ದವನಿಗೆ ವರ್ಷ ಹೋಯಿತೆಂಬ ಭಯವಿಲ್ಲ. ಇವನು ಮೊದಲನೆಯದಕ್ಕೆ ಕೂಡ್ರಲೇ ಇಲ್ಲ. ಡಾಕ್ಟರರ ಸಲಹೆಯಂತೆ ಎರಡನೆಯದಕ್ಕೆ ಕುಳಿತ. ಎಷ್ಟು ಗುಣ ಬಂದುವೆಂಬುದನ್ನು ನಾನು ಬೇಕೆಂದೇ ಇಲ್ಲಿ ಬರೆಯುವುದಿಲ್ಲ. ನಡುವೆ ಎರಡು ಸಲ ಮತ್ತೆ ಕತ್ತಲೆ ಕವಿದ ದಿನಗಳು ಬಂದುವು. ಎರಡನೆಯ ಸಲ ಅವನೇ ಎದ್ದುಬಂದು "ಅವ್ವಾ, ಮತ್ತ ಹಂಗ ಅನಸಾಕತ್ತೈತಿ" ಎಂದು ತಾಯಿಗೆ ಹೇಳಿದ. ನನ್ನ ಮಟ್ಟಿಗೆ ಅವನು ಪಾಸಾದುದು ಆ ದಿನ.

ನಮ್ಮ ಓಣಿಯ ಕಿರಾಣಿ ಅಂಗಡಿಯ ಗೋಡೆಯ ಮೇಲೆ ಆಂಬುಲೆನ್ಸಿನ ನಂಬರಿನ ಕೆಳಗೆ ಈಗ ೧೪೪೧೬ ಎಂದು ಎಣ್ಣೆಬಣ್ಣದಲ್ಲಿ ಬರೆಸಿದ್ದೇವೆ. ಅದರ ಕೆಳಗೆ ಮಕ್ಕಳ ಸಹಾಯವಾಣಿ ೧೦೯೮. ಬರೆಸಿದ ಖರ್ಚು ಕೊಟ್ಟವನು ಹುಡುಗನ ಅಪ್ಪ. ಯಾರು ಕೊಟ್ಟರೆಂದು ಅಂಗಡಿಯವರು ಯಾರಿಗೂ ಹೇಳಿಲ್ಲ. ಹೇಳಬೇಡಿರೆಂದು ಅವನೇ ಕೇಳಿಕೊಂಡಿದ್ದಾನೆ. ಅಷ್ಟು ಅಂಜಿಕೆ ಇನ್ನೂ ಉಳಿದಿದೆ, ಉಳಿಯಲಿ. ಮೊನ್ನೆ ಸಂಜೆ ಸಾಲೆಯ ಪೋಷಾಕಿನ ಒಬ್ಬ ಹುಡುಗಿ ಪೆನ್ನು ತೆಗೆದು ಆ ನಂಬರನ್ನು ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದುದನ್ನು ಕಂಡೆ. ಅಂಗಡಿಯವರು ತಕ್ಕಡಿಯ ಕಡೆಗೇ ನೋಡುತ್ತ ಸಕ್ಕರೆ ತೂಗುತ್ತಿದ್ದರು. ಅವಳು ಹೋದ ಮೇಲೆ, "ಮಾಸ್ತರ, ಆಕಿ ನಮ್ಮ ಹಿಂದಿನ ಓಣಿಯಾಕಿ, ನಮ್ಮ ಮನಿಯಾಕಿ ನಾಳೆ ಒಂದೀಟ ಹೋಗಿ ಮಾತಾಡಿಸಿಕೊಂಡ ಬರ್ತಾಳ" ಎಂದರು.